ಕಾಲ್ಪೆಟಿಗಿ, ಡಗ್ಗಾ, ಸ್ಪೀಕರ್ ಹೇರ್ಕೊಂಡು ಹೋಗಾಕ ನಿಮ್ಮ ಕಡೆ ಯಾವ ಗಾಡಿ?

ಕಾಲ್ಪೆಟಿಗಿ ಕಾರಟಗಿ
ಎಲ್ಲರಿಗೂ ನಮಸ್ಕಾರ್ರಿ. ನಮ್ದು ಕಾರಟಗಿ ಹತ್ರ ಒಂದು ಸಣ್ಣ ಮೇಳ. ಭಜನಿ, ತತ್ವಪದ, ಜಾತ್ರಿ ಟೈಮಿಗೆ ನಾಟಕಕ್ಕ ಸಾಥ್. ಸಾಮಾನು ಅಂದ್ರ ಒಂದು ಕಾಲ್ಪೆಟಿಗಿ (ಕಾಲಿಲೆ ತಿದಿ ತುಳಿದು ಬಾರಿಸೂ ಹಾರ್ಮೋನಿಯಂ, ಹಳೇ ಕಂಪ್ನಿ ನಾಟಕದ್ದು, ಕಾಲು ಮಡಚಿ ಒಳಗ ಹಾಕಬಹುದು ಆದ್ರೂ ಎತ್ತಾಕ ಇಬ್ರು ಬೇಕು), ಒಂದು ಕೈಪೆಟಿಗಿ, ತಬಲಾ ಡಗ್ಗಾ, ಒಂದು ರಿದಮ್ ಪ್ಯಾಡು, ಎರಡು ಸ್ಪೀಕರು, ಆಂಪ್ಲಿಫೈಯರು.

ಇಷ್ಟ್ ದಿನ ಕರೆದವ್ರು ಏನು ಕಳಸ್ತಾರೋ ಅದರಾಗ ಹೋಗೋದು. ಕಳಸೋದು ಬಹಳ ಸಲ ಟ್ರ್ಯಾಕ್ಟ್ರು. ಸುಗ್ಗಿ ಬಂತಂದ್ರ ಅದೂ ಇಲ್ಲ, ಎಲ್ಲಾ ಟ್ರೇಲರು ರೈಸ್ ಮಿಲ್ ಮುಂದ ಸಾಲು ಹಚ್ಚಿ ನಿಂತಿರ್ತಾವ. ಈಗ ಮೇಳದವ್ರೆಲ್ಲಾ ಕೂಡಿ ಸ್ವಂತ ಗಾಡಿ ಮಾಡೋಣಂತ ಮಾತಾಡಾಕತ್ತೀವಿ. ಹಳೇ ಓಮ್ನಿ ಒಂದು ಕಣ್ಣಾಗೈತಿ, ಲಗೇಜ್ ಆಟೋನೂ ಒಂದು ನೋಡೀವಿ. ತಿಳಿದವ್ರು ಹೇಳ್ರಿ. ಹಂಗ ನೀವೆಲ್ಲಾ ಯಾವ್ಯಾವ ವಿಚಿತ್ರ ಗಾಡ್ಯಾಗ ಹೋಗೀರಿ ಅದನ್ನೂ ಬರೀರಿ, ಓದಾಕರ ಮಜಾ ಬರ್ಲಿ.

ಡಗ್ಗಾ ದೇವದುರ್ಗ
ಟ್ರೇಲರ್ ಸುದ್ದಿ ಎತ್ತಬ್ಯಾಡೋ ಮಾರಾಯಾ. ಟ್ರೇಲರಿಗೆ ಸ್ಪ್ರಿಂಗ್ ಅನ್ನೋದು ಹೆಸರಿಗೆ, ತುಂಬಿದ ಲೋಡ್ ಇದ್ರ ಒಂದೀಟು ಕೂತು ಓಡತೈತಿ, ನಾವು ಐದಾರು ಮಂದಿ ಮತ್ತ ನಾಕು ಸಾಮಾನು ಅಂದ್ರ ಅದಕ್ಕ ಖಾಲಿ ಇದ್ದಂಗ, ಹಳ್ಳದ ದಾರ್ಯಾಗ ನನ್ನ ಡಗ್ಗಾ ಬಾಣಲ್ಯಾಗಿನ ಪುಠಾಣಿ ಹಾರಿದಂಗ ಹಾರಿತ್ತು, ಕಡೀಕ ಅದನ್ನ ತೊಡಿ ಮ್ಯಾಲ ಇಟ್ಕೊಂಡು ಎರಡೂ ಕೈಲೆ ಅವಚಿ ಹಿಡದು ಹೋದೆ.

ಅದಕ್ಕಿಂತ ದೊಡ್ಡ ತ್ರಾಸು ಬಿಸಲು. ನಮ್ಮ ರಾಯಚೂರು ಬಿಸಲು ಗೊತ್ತಲ್ಲ, ಏಪ್ರಿಲ್ ಮೇ ಅಂದ್ರ 40 ಡಿಗ್ರಿ ದಾಟೋದು ಮಾಮೂಲಿ. ತೆರೆದ ಟ್ರೇಲರ್‌ನಾಗ ತಬಲಾ ಇಟ್ರ ತೊಗಲು ಒಣಗಿ ಬಿಗಿತೈತಿ, ಸ್ವರ ಏರತೈತಿ. ಊರು ಮುಟ್ಟೂದ್ರಾಗ ಕರಿ ಎರಡರ (ಪೆಟಿಗಿ ಎರಡನೇ ಕರಿ ಕೀ ಸ್ವರದ) ತಬಲಾ ಕರಿ ಮೂರರ ಕಡೆ ಹೊಂಟಿರತೈತಿ, ಅಲ್ಲಿ ಕುಂತು ಸುತ್ತಿಗಿ ತಗೊಂಡು ಗಟ್ಟಾ (ಬದಿ ತೊಗಲ ಪಟ್ಟಿ ಬುಡಕಿನ ಕಟಗಿ ತುಂಡು) ಮ್ಯಾಲಕ್ಕ ಬಡದು ಸ್ವರ ಇಳಿಸ್ಕೋತ ಕೂಡ್ಬೇಕು. ರಾತ್ರಿ ತಂಪು ಗಾಳಿ ಬೀಸಿತಂದ್ರ ಮತ್ತ ಕೆಳಗ ಇಳಿತೈತಿ, ಮತ್ತ ಏರಿಸು. ದೂರದ ದಾರಿ ಇದ್ರ ನಾನು ಮನ್ಯಾಗ ಗಟ್ಟಾ ಒಂದೀಟು ಮ್ಯಾಲಕ್ಕ ಬಡದು ಸಡ್ಲ ಮಾಡಿ ಹೊರಡತೀನಿ. ಇಲ್ಲಾಂದ್ರ ಪುಡಿ (ತಬಲಾ ಬಾಯಿಗೆ ಬಿಗಿದ ತೊಗಲು) ಸೀಳಿ ಹೋಗತೈತಿ, ಹೊಸಾ ಪುಡಿ ಹಾಕ್ಸಾಕ ರೊಕ್ಕ ಯಾರು ಕೊಡ್ತಾರ? ಕಮಿಟಿಯವ್ರು ಕೊಡ್ತಾರೇನು?

ರೀಡ್ ರಿಪೇರಿ, ಗಂಗಾವತಿ
ತಬಲಾದವ್ರು ತಮ್ಮ ದುಃಖ ಹೇಳ್ಯಾರ, ಪೆಟಿಗಿ ದುಃಖ ನಾ ಹೇಳ್ತೀನಿ, ದಿನಾ ಬಿಚ್ಚಿ ನೋಡಾಂವ ನಾನ.

ಪೆಟಿಗಿ ಒಳಗ ಹಿತ್ತಾಳಿ ರೀಡ್ ಇರ್ತಾವಲ್ರೀ, ಒಂದೊಂದು ರೀಡಿಗೂ ಒಂದು ತೆಳ್ಳನ ನಾಲಗಿ, ಆ ನಾಲಗಿಗೂ ಅದರ ಸುತ್ತಿನ ಚೌಕಟ್ಟಿಗೂ ನಡುವ ಕೂದಲೆಳಿಯಷ್ಟ ಸಂದು. ಆ ಸಂದಿನ್ಯಾಗ ಒಂದು ಹೊಟ್ಟಿನ ಚೂರು ಕುಂತ್ರ ಮುಗೀತು, ಆ ಸ್ವರ ಮೂಕ. ಇಲ್ಲಾಂದ್ರ ಗೊರ ಗೊರ ಅಂತೈತಿ. ಭತ್ತ ಹೊತ್ತ ಟ್ರೇಲರ್ ತೊಳೀದ ಹಂಗ ಕಳಸ್ತಾರ, ಮೂಲ್ಯಾಗೆಲ್ಲ ಹೊಟ್ಟು ಜೊಳ್ಳು. ಗಾಡಿ ಓಡೂವಾಗ ಗಾಳಿಗೆ ಅದು ಎದ್ದು ತಿದಿ ಕಡಿಂದ ಒಳಗ ಹೋಗತೈತಿ. ಸುಗ್ಗಿ ಮುಗಿದ ಮ್ಯಾಲ ನನ್ನ ಕಡೆ ಬರೋ ಪೆಟಿಗಿ ಒಳಗ ಸೋನಾ ಮಸೂರಿ ಹೊಟ್ಟು ಗ್ಯಾರಂಟಿ.

ಮಾಡೋದಿಷ್ಟ. ಹೊರಡೂ ಮುಂದ ತಿದಿ ಕೊಕ್ಕಿ ಎರಡೂ ಕಡೆ ಹಾಕ್ರಿ, ತಿದಿ ಬಡ್ಕೊಬಾರ್ದು. ಸ್ಟಾಪ್ (ಮುಂದಿನ ಎಳಿಯೂ ಗುಂಡಿ) ಎಲ್ಲಾ ಒಳಗ ತಳ್ರಿ. ಪೆಟಿಗಿ ಮಲಗಿಸಿ ಒಯ್ಯಿರಿ, ನಿಂದರಿಸಬ್ಯಾಡ್ರಿ. ಮೂಕಾದ ರೀಡಿಗೆ ತೆಳ್ಳನ ಕಾಗದ ನಾಲಗಿ ಬುಡಕ ಸರಿಸಿ ಮೆಲ್ಲಕ ಎಳದ್ರ ಕಸ ಬರತೈತಿ, ಪಿನ್ನು ಸ್ಕ್ರೂಡ್ರೈವರು ಹಚ್ಚಬ್ಯಾಡ್ರಿ, ನಾಲಗಿ ಮ್ಯಾಲ ಗೀರು ಬಿದ್ರ ಸ್ವರಾನ ಬದಲ್ ಆಗತೈತಿ. ಕಾಲ್ಪೆಟಿಗಿ ಇದ್ರ ಪೆಡಲ್ ಪಟ್ಟಿ ಬಿಚ್ಚಿ ಬ್ಯಾರೆ ಕಟ್ರಿ. ಆ ಪಟ್ಟಿ ಒಳಗ ತಿರುಗಿ ತಿದಿ ಹರದ ಕೇಸು ನೋಡೀನಿ.

ಕೆಂಪ್ಧೂಳು ಸಂಡೂರು
ಹೊಟ್ಟಾದ್ರೆ ಕಾಗದ ಹಾಕಿ ತೆಗೀಬೋದು ಗುರು, ನಮ್ ಕಡೆ ಅದಿರು ಧೂಳು. ತೋರಣಗಲ್ಲು ಕಡೆಯಿಂದ ಸಂಡೂರಿಗೆ ಬರೋವಾಗ ಮುಂದೊಂದು ಲಾರಿ ಹಿಂದೊಂದು ಲಾರಿ, ಮಧ್ಯೆ ನಾವು ಅಪೆ ಆಟೋದಲ್ಲಿ, ಕೀಬೋರ್ಡು ತೊಡೆ ಮೇಲೆ. ಇಳಿದು ನೋಡಿದ್ರೆ ಬಿಳಿ ಕೀ ಎಲ್ಲಾ ಕೆಂಪು. ಒರೆಸಿದ್ರೆ ಹೋಗ್ತೈತೆ ಅಂದ್ಕೊಂಡ್ರಾ, ಅದು ಎಣ್ಣೆ ಎಣ್ಣೆ ಥರ ಹತ್ಕಂತೈತೆ. ಕೀ ಒತ್ತಿದ್ರೆ ಮೇಲಕ್ಕೆ ಬರಾದೇ ಇಲ್ಲ. ಹಾಡೋರು ನನ್ನ ಮುಖ ನೋಡ್ತಾವ್ರೆ, ನಾನು ಕೀ ಮುಖ ನೋಡ್ತಾ ಇದೀನಿ.

ಓಮ್ನಿನೇ ತಗೊಳ್ರಣ್ಣಾ, ಕಿಟಕಿ ಮುಚ್ಕೊಂಡು ಹೋಗಬೋದು.

ಭಜನಿ ಸಿರುಗುಪ್ಪ
ವಿಚಿತ್ರ ಗಾಡಿ ಅಂದ್ರಲ್ಲ, ನಮ್ಮದು ಕೇಳ್ರಿ. ಮುಕ್ತಿ ವಾಹನ.

ಸತ್ತವರ ಮನಿಗೆ ರಾತ್ರಿ ಪೂರ್ತಿ ಭಜನಿಗೆ ಕರೀತಾರಲ್ಲ, ಬೆಳಗ್ಗೆ ಮಣ್ಣು ಮುಗಿಯೋತನ ಪೆಟಿಗಿ ಬಾರಿಸ್ಕೊಂತ ಗಾಡಿ ಮುಂದೆ ನಡೀತೀವಿ. ಎಲ್ಲಾ ಮುಗಿದ ಮೇಲೆ ವಾಪಸ್ ಕಳ್ಸಾಕೆ ಗಾಡಿ ಇರಲ್ಲ, ಕರೆದವರು ದುಃಖದಾಗಿರ್ತಾರೆ, ಅವರನ್ನ ಗಾಡಿ ಕೇಳಾಕೆ ನಾಲಗೆ ಬರಲ್ಲ. ಆ ವಾಹನದ ಡ್ರೈವರ್ ನಮ್ಮ ಓಣಿಯವ್ನೇ, ಬರ್ರಿ ಹತ್ರಿ ಅಂತಾನೆ. ಹೇಳ್ತೀನಿ ಕೇಳ್ರಿ, ವಾದ್ಯ ಒಯ್ಯಾಕೆ ಅಂಥಾ ಗಾಡಿ ಇನ್ನೊಂದಿಲ್ಲ. ಉದ್ದಕೆ ಸಪಾಟು ಜಾಗ, ಸ್ಟೀಲ್ ತಗಡು, ಎರಡೂ ಕಡೆ ಸೀಟು, ಹಿಂದೆ ಅಗಲ ಬಾಗಿಲು, ಡ್ರೈವರ್ ಮೆಲ್ಲಗೆ ಹೊಡೀತಾನೆ. ಪೆಟಿಗಿ ನಡುವೆ ಮಲಗಿಸಿ ನಾವು ಆಕಡೆ ಈಕಡೆ ಕುಂತ್ಕೊಳ್ಳಾದು.

ತೊಂದರೆ ಒಂದೇ. ಅದು ನಮ್ಮ ಮನೆ ಬಾಗಿಲಿಗೆ ನಿಂತಾಗ ಪಕ್ಕದ ಮನೆಯವ್ರು ಓಡಿ ಬರ್ತಾರೆ. ಒಬ್ಬ ಅಜ್ಜಿ ಅಂತೂ ಅಳಾಕೇ ಶುರು ಹಚ್ಕೊಂಡ್ಳು, ಒಳಗಿಂದ ನಾನೇ ಪೆಟಿಗಿ ಹಿಡ್ಕೊಂಡು ಇಳಿದದ್ದು ನೋಡಿ ಬೈದಳು ನೋಡು, ಯಪ್ಪಾ.

ಬಳ್ಳಾರಿ ಬೇಸ್ ಗಿಟಾರು
ನಗ್ಬೇಡಿ, ಇದಕ್ಕೆ ಇಂಟರ್‌ನ್ಯಾಷನಲ್ ಲೆವೆಲ್ ಇತಿಹಾಸ ಐತೆ. ಕೆನಡಾದ ರಾಕ್ ಹಾಡುಗಾರ ನೀಲ್ ಯಂಗ್ ಕೇಳಿರ್ತೀರಾ, ಆಯಪ್ಪ ಚಿಕ್ಕ ವಯಸ್ಸಲ್ಲಿ ಬ್ಯಾಂಡ್ ಸಾಮಾನು ಹೊರಾಕೆ 1948ರ ಬ್ಯೂಯಿಕ್ ಶವದ ಗಾಡಿ ಇಟ್ಕೊಂಡಿದ್ದ. ಅದಕ್ಕೆ ಮಾರ್ಟ್ ಅಂತ ಹೆಸರು ಬೇರೆ. ಯಾಕೆ ಅದೇ ಗಾಡಿ ಅಂದ್ರೆ ಶವಪೆಟ್ಟಿಗೆ ಜಾರಿಸಾಕೆ ತಳದಲ್ಲಿ ರೋಲರ್ ಇರ್ತಾವೆ, ಆಂಪ್ಲಿಫೈಯರ್ ಇಟ್ಟು ತಳ್ಳಿದ್ರೆ ಸರ್ರಂತ ಹೊರಗೆ. 1965ರಲ್ಲಿ ಅದು ಆಂಟಾರಿಯೋದ ಬ್ಲೈಂಡ್ ರಿವರ್ ಅನ್ನೋ ಊರಲ್ಲಿ ಕೆಟ್ಟು ನಿಂತು ಅಲ್ಲೇ ಉಳೀತು. ಆಮೇಲೆ ಇನ್ನೊಂದು ಅಂಥದ್ದೇ ಗಾಡಿ, ಪಾಂಟಿಯಾಕ್, ಅದ್ರಲ್ಲಿ 1966ರಲ್ಲಿ ಲಾಸ್ ಏಂಜಲೀಸ್‌ಗೆ ಹೋದ. ಅಲ್ಲಿ ಟ್ರಾಫಿಕ್ ಜಾಮಲ್ಲಿ ಅವನ ಹಳೇ ಪರಿಚಯದ ಗಿಟಾರಿಸ್ಟ್ ಸ್ಟೀಫನ್ ಸ್ಟಿಲ್ಸ್ ಈ ಗಾಡಿ ನೋಡಿ ಇದು ಅವನದೇ ಇರ್ಬೇಕು ಅಂತ ಹಿಡ್ಕೊಂಡ, ಅಲ್ಲಿಂದ ಬಫಲೋ ಸ್ಪ್ರಿಂಗ್‌ಫೀಲ್ಡ್ ಅನ್ನೋ ಬ್ಯಾಂಡೇ ಹುಟ್ತು. ಮಾಮೂಲಿ ಕಾರಲ್ಲಿ ಹೋಗಿದ್ರೆ ಯಾರು ಗುರುತು ಹಿಡೀತಿದ್ರು?

ಸಿರುಗುಪ್ಪದ ಅಣ್ಣಾ, ನಿಮ್ ಗಾಡಿಯಲ್ಲಿ ರೋಲರ್ ಐತಾ?

ಭಜನಿ ಸಿರುಗುಪ್ಪ
ಇಲ್ಲಪ್ಪ, ಸ್ಟ್ರೆಚರ್ ಐತೆ. ಕಾಲ್ಪೆಟಿಗಿ ಅದರ ಮೇಲೇ ಇಟ್ಟು ಇಳಿಸ್ತೀವಿ.

ತಂಬೂರಿ ರಾಯಚೂರು
ಗಾಡಿ ಯಾವುದಾದ್ರೂ ಇರ್ಲಿ, ತಂಬೂರಿ ಇಟ್ಕೊಂಡವ್ರ ಗೋಳು ಯಾರಿಗೂ ಬ್ಯಾಡ. ಬುರುಡಿ ಅಂದ್ರ ಒಣಗಿದ ಸೋರಿಕಾಯಿ, ಒಂದು ಏಟು ಬಿದ್ರ ಸೀಳು. ನಾನು ಗುರುಗಳ ಜೊತಿ ಮಿರಜಿನಿಂದ ತಂದ ತಂಬೂರಿ ಟ್ರೇನಿನ್ಯಾಗ ಒಯ್ಯೂವಾಗ ಎಲ್ಲಿಡೂದು ಅನ್ನೂದ ದೊಡ್ಡ ಪ್ರಶ್ನಿ. ಸ್ಲೀಪರ್ ಟಿಕೆಟಿಗೆ 40 ಕೆಜಿ ಫ್ರೀ, ತೂಕದ ತಕರಾರು ಇಲ್ಲ, ತಂಬೂರಿ ತೂಕ ಎಷ್ಟಿರತೈತಿ. ಆದ್ರ ಡಬ್ಬಿ ಒಳಗ ಒಯ್ಯೂ ಸಾಮಾನು 100 ಸೆಂಮೀ ಉದ್ದ, 60 ಅಗಲ, 25 ಎತ್ತರದ ಒಳಗ ಇರಬೇಕಂತ ರೂಲು. ಗಂಡಸರ ತಂಬೂರಿ ಅದಕ್ಕಿಂತ ಎಷ್ಟೋ ಉದ್ದ. ಟಿಟಿಇ ಒಳ್ಳೇವ್ರಿದ್ರ ಒಂದು ಪದಾ ಹೇಳ್ರಿ ಅಂತಾರ, ಇಲ್ಲಾಂದ್ರ ಪಾರ್ಸಲಿಗೆ ಹಾಕ್ರಿ ಅಂತಾರ. ಪಾರ್ಸಲಿಗೆ ಹಾಕಿದ್ರ ಮುಗೀತು, ಬುರುಡಿ ಇಡಿಯಾಗಿ ಬರೂದಿಲ್ಲ.

ಮ್ಯಾಲಿನ ಬರ್ತ್ ಬುಕ್ ಮಾಡಿ ತಂಬೂರಿ ಮಲಗಿಸಿ ತಾನು ರಾತ್ರಿ ಪೂರ್ತಿ ಬಾಗಲ ಹತ್ರ ಕುಂತವ್ರನ್ನ ಕಂಡೀನಿ. ಈಗ ಎಲೆಕ್ಟ್ರಾನಿಕ್ ತಂಬೂರಿ, ಮೊಬೈಲ್ ಆ್ಯಪು, ಕಿಸೇದಾಗ ಬರತೈತಿ. ಅನುಕೂಲ ಖರೆ. ಆದ್ರ ತಂತಿ ಬುಡಕಿನ ಜೀವಾಳದ ದಾರ ಸರಿಸಿ ಸರಿಸಿ ಆ ಝೇಂಕಾರ ಹಿಡಿಯೂ ಸುಖ ಆ್ಯಪ್‌ನಾಗೆಲ್ಲಿ.

ಕೃಷ್ಣಾ ದಂಡಿ
ಯಾರೂ ತೆಪ್ಪದ ಸುದ್ದಿ ಹೇಳ್ಲಿಲ್ಲಲ್ಲ? ಕೃಷ್ಣಾ ನಡುಗಡ್ಡಿಯ ಕುರುವಪುರಕ್ಕ ಗುರುವಾರ ಭಜನಿಗೆ ಹೋಗೂ ಮಂದಿ ನಾವು, ರಾಯಚೂರು ಕಡಿಂದ ಹೋದ್ರ ಹೊಳಿ ದಾಟಬೇಕು. ತೆಪ್ಪದಾಗ ಪೆಟಿಗಿ ಒಯ್ದವ್ರಿಗೆ ಗೊತ್ತು. ಬಿದರಿನ ಹೆಣಿಗಿ, ಅದಕ್ಕ ಪ್ಲಾಸ್ಟಿಕ್ ಹಾಳಿ ಹಚ್ಚಿ ಡಾಂಬರ್ ಬಳದಿರ್ತಾರ, ಎಷ್ಟ್ ಬಳದ್ರೂ ತಳದಾಗ ನೀರು ಜಿನುಗತೈತಿ. ಪೆಟಿಗಿ ಕೆಳಗ ಇಟ್ರಿ ಅಂದ್ರ ಕಟಗಿ ನೀರು ಕುಡಿದು ಅಂಟು ಬಿಡತೈತಿ. ಹಂಗಾಗಿ ಒಬ್ಬನ ತೊಡಿ ಮ್ಯಾಲ ಪೆಟಿಗಿ, ಒಬ್ಬನ ತೊಡಿ ಮ್ಯಾಲ ತಬಲಾ, ಡಗ್ಗಾ ಇನ್ನೊಬ್ಬನ ಕಡೆ. ತೆಪ್ಪದಾಂವ ಮದ್ಲ ಎಲ್ಲರನ್ನೂ ನೋಡಿ ದಪ್ಪ ಇದ್ದವ್ರು ಆಕಡೆ, ಪೆಟಿಗಿಯವ್ರು ಈಕಡೆ ಅಂತ ಕುಂದರಸ್ತಾನ. ನಡು ಹೊಳ್ಯಾಗ ಯಾರರ ಎದ್ರ ಬೈತಾನ. ಒಮ್ಮೆ ನಮ್ಮ ತಾಳದಾಂವ ಫೋಟೋ ತಗಿಯಾಕ ಎದ್ದ, ತೆಪ್ಪ ಒಂದು ಸುತ್ತು ತಿರುಗಿತು, ಆಮ್ಯಾಲ ಆ ದಂಡಿ ಮುಟ್ಟೂತನ ಎಲ್ಲರೂ ಬಾಯಿಲೆ ನಾಮಸ್ಮರಣಿ, ಯಾರೂ ಹೇಳಿಕೊಡಬೇಕಾಗ್ಲಿಲ್ಲ.

ಹಲಗಿ ಮುದಗಲ್ಲ
ನಮಗ ಇಷ್ಟೆಲ್ಲಾ ಇಲ್ಲ. ಮೊಹರಂ ಟೈಮಿಗೆ ಹಲಗಿ ಬಗಲಾಗ ಹಾಕ್ಕೊಂಡು ಬೈಕ್ ಹತ್ತಿದ್ರ ಮುದಗಲ್ಲ ಮುಟ್ಟಿದ್ವಿ. ಆದ್ರ ಬೈಕಿನ ಮ್ಯಾಲ ಹಲಗಿ ಎದಿಗೆ ಅಡ್ಡ ಹಿಡೀಬಾರದು, ಲಾರಿ ಎದುರಿಗೆ ಬಂದಾಗ ಗಾಳಿ ಹೊಡತಕ್ಕ ಹ್ಯಾಂಡಲ್ ಹೊಳ್ಳತೈತಿ. ಬೆನ್ನಿಗೆ ಹಾಕ್ಕೋಬೇಕು, ಹಿಂದ ಕುಂತಾಂವ ಹೊಳ್ಳಿ ಕುಂದರ್ಬೇಕು. ಜೊತಿಗೆ ಒಂದು ಹೊರಿ ಹುಲ್ಲೂ ಬೇಕು, ಹಲಗಿ ಕಾಸಾಕ. ನಡು ರಾತ್ರಿ ಅಲ್ಲಿ ಹುಲ್ಲು ಹುಡಕ್ಯಾಡಿದ್ರ ಸಿಗಂಗಿಲ್ಲ.

ಡೊಳ್ಳಿನವ್ರನ್ನ ಕೇಳ್ರಿ, ಅವ್ರದು ಕಥಿ. ಟಿವಿಎಸ್ ಎಕ್ಸೆಲ್ ಹಿಂದ ಡೊಳ್ಳು ಕಟ್ಟಿ ಮುಂದ ಒಂದು ಡೊಳ್ಳು ಕಾಲಾಗ ಇಟ್ಕೊಂಡು ನಡುವ ಒಬ್ಬ, ಮಾರಿ ಅಷ್ಟ ಕಾಣತೈತಿ.

ಕುಷ್ಟಗಿ ಕೂಲಿ
ಧಾರವಾಡ ಹುಬ್ಬಳ್ಳಿ ಕಡೆ ಜಗ್ಗಲಿಗಿ ಅಂತ ಐತಲ್ಲ, ಬಂಡಿ ಗಾಲಿಗೆ ಎಮ್ಮಿ ತೊಗಲು ಬಿಗಿದು ಮಾಡ್ತಾರ, ಉರುಳಿಸ್ಕೋತ ಬಡೀತಾರ. ಅವ್ರಿಗೆ ಗಾಡಿ ಚಿಂತಿ ಇಲ್ಲ ನೋಡು. ವಾದ್ಯನ ಗಾಲಿ.

ಡಗ್ಗಾ ದೇವದುರ್ಗ
ಹಂಗ ಅಂದ್ರ ಹುಬ್ಬಳ್ಳಿಯಿಂದ ಬಳ್ಳಾರಿಗೆ ಉರುಳಿಸ್ಕೋತ ಬರ್ಲಿ ಮತ್ತ.

ಜಾತ್ರಿ ಕಮಿಟಿ ಮೆಂಬರ್
ಎಲ್ಲರೂ ಕಮಿಟಿಯವ್ರಿಗೆ ಬೈಯಾಕತ್ತೀರಿ, ನಮ್ಮ ಕಷ್ಟನೂ ತಿಳ್ಕೊಳ್ರಿ. ಪೆಂಡಾಲು, ಲೈಟು, ದಾಸೋಹ, ಎಲ್ಲಾ ನೋಡ್ಬೇಕು. ಊರಾಗ ಯಾರದೋ ಟ್ರ್ಯಾಕ್ಟರ್ ಫ್ರೀ ಸಿಕ್ತು ಅಂದ್ರ ಕಳಸ್ತೀವಿ. ಅದು ಸೇವಾ ಅಂತ ಕೊಟ್ಟಿರ್ತಾರ, ಬ್ಯಾಡ ಅನ್ನಾಕ ಬರೂದಿಲ್ಲ.

ಪ್ಯಾಡ್ ಸಿಂಧನೂರು
ಸೇವಾ ಅಂದ್ರ ಬಾಯಿ ಮುಚ್ಕೋಬೇಕು ನಾವು, ಗೊತ್ತೈತಿ. ಆದ್ರ ಅದ ಜಾತ್ರಿಗೆ ಡಿಜೆ ಕರೆಸ್ತೀರಲ್ಲ, ಅವನ ಬಾಕ್ಸ್ ತರಾಕ ಲಾರಿ ಬಾಡಿಗಿ, ಜನರೇಟರ್‌ಗೆ ಬ್ಯಾರೆ ಗಾಡಿ, ಡೀಜಲ್ ರೊಕ್ಕ ಮುಂಗಡ. ಅವನು ಸೇವಾ ಅಂದ ಕೂಡ್ಲೆ ಫೋನ್ ಇಡ್ತಾನ, ನಾವು ಇಡಂಗಿಲ್ಲ, ಅದಕ್ಕ ನಮಗ ಟ್ರೇಲರು. ರಾತ್ರಿ ಎರಡಕ್ಕ ಪದ ಮುಗೀತೈತಿ, ಟ್ರ್ಯಾಕ್ಟರ್ ಡ್ರೈವರ್ ಹೊಲದಾಗ ಮಲಗಿರ್ತಾನ, ನಾವು ಸಾಮಾನು ಮುಂದ ಇಟ್ಕೊಂಡು ಗುಡಿ ಕಟ್ಟಿಮ್ಯಾಲ. ಕಮಿಟಿಯವ್ರದು ಆವಾಗ ಫೋನ್ ಸ್ವಿಚ್ ಆಫ್.

ಸಿಟ್ಟಿಲ್ರಿ. ಕರಿಯೂವಾಗ ಗಾಡಿ ಮಾತು ಮದ್ಲ ಆಗ್ಲಿ, ಅಷ್ಟ. ಹೋಗೋದಷ್ಟ ಅಲ್ಲ, ಬರೋದೂ.

ಹಿರಿ ಪೆಟಿಗಿ, ಯಲಬುರ್ಗಾ
ಪ್ಯಾಡಿನ ಹುಡುಗ ಹೇಳಿದ್ದು ಖರೆ ಐತಿ. ಹಿಂದಿನವ್ರು ನಡ್ಕೊಂಡು ಹೋಗ್ತಿದ್ರು, ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದ ಹುಡುಗರನ್ನ ಕಟ್ಕೊಂಡು ಊರೂರು ತಿರುಗಿ ಪಾಠಶಾಲಿ ನಡಿಸಿದ್ರು, ದರೋಜಿ ಈರಮ್ಮ ತಂಬೂರಿ ಹೆಗಲಿಗೆ ಹಾಕ್ಕೊಂಡು ಬುರ್ರಕಥಾ ಹೇಳಿದ್ಲು, ನಿಮಗೇನು ದೊಡ್ಡ ಗಾಡಿ ಬೇಕು ಅಂತ ನಮ್ಮ ವಯಸ್ಸಿನವ್ರ ಬಾಯಾಗ ಬರತೈತಿ. ನಾನು ಆ ಮಾತು ಹೇಳಂಗಿಲ್ಲ. ಆವಾಗ ಬಂದ ಮ್ಯಾಳಕ್ಕ ಊರಾಗ ಮನಿ ಕೊಡ್ತಿದ್ರು, ಬಂಡಿ ಹೂಡಿ ಮುಂದಿನ ಊರಿಗೆ ಮುಟ್ಟಿಸಿ ಬರ್ತಿದ್ರು, ಬಂಡ್ಯಾಗ ಕಣಕಿ ಹಾಸಿ ಮ್ಯಾಲ ಕೌದಿ ಹಾಸಿ ಪೆಟಿಗಿ ಇಡ್ತಿದ್ರು. ಎತ್ತಿನ ಬಂಡಿ ಕುಲಕತೈತಿ ಖರೆ, ಆದ್ರ ಜೋರು ಇಲ್ಲ, ಪೆಟಿಗಿಗೆ ಏನೂ ಆಗ್ತಿದ್ದಿಲ್ಲ. ಈಗ ನಡುವ ಇರೂ ಮಂದಿಗೆ ಆ ಪುರಸತ್ತೂ ಇಲ್ಲ, ಲಾರಿ ಬಾಡಿಗಿನೂ ಇಲ್ಲ.

ಕೊಪ್ಪಳ ಗವಿಮಠದ ಜಾತ್ರಿಗೆ ಜನವರ್ಯಾಗ ಹೋದವ್ರಿಗೆ ಇನ್ನೊಂದು ಗೊತ್ತು, ಯಾವ ಗಾಡಿ ಇದ್ರೂ ಒಂದು ಕಡೆ ನಿಲ್ಲಿಸ್ತಾರ, ಅಲ್ಲಿಂದ ಮಂದ್ಯಾಗ ತಲಿ ಮ್ಯಾಲ ಹೊತ್ಕೊಂಡ ನಡೀಬೇಕು. ಹಂಗಾಗಿ ಗಾಡಿ ಜೊತಿ ಪೆಟಿಗಿಗೆ ಗಟ್ಟಿ ಹಿಡಿಕಿನೂ ಬೇಕು.

ಕರಿಕೋಟು ಬಳ್ಳಾರಿ
ವಕೀಲ ಅಂತ ಬೇಸರ ಮಾಡ್ಕೋಬೇಡಿ, ಒಂದು ವಿಷಯ ಹೇಳ್ಲೇಬೇಕು. ಟ್ರ್ಯಾಕ್ಟರ್ ಪಾಲಿಸಿ ಬಹಳಷ್ಟು ಸಲ ಕೃಷಿ ಕೆಲಸಕ್ಕೆ ಅಂತ ಇರ್ತೈತೆ. ಟ್ರೇಲರ್‌ನಲ್ಲಿ ಮೇಳ ಕೂತು ಏನಾದ್ರೂ ಆದ್ರೆ ವಿಮೆಯವ್ರು ಮೊದಲು ಎತ್ತೋ ತಕರಾರೇ ಅದು, ಆಮೇಲೆ ಕೋರ್ಟಿಗೆ ವರ್ಷಗಟ್ಟಲೆ ಅಲೆಯೋರು ಮನೆಯವ್ರು.

ಲಗೇಜ್ ಆಟೋ, ಟಾಟಾ ಏಸ್ ಇಂಥ ಗೂಡ್ಸ್ ಗಾಡಿ ಲೆಕ್ಕ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 147ನೇ ಸೆಕ್ಷನ್‌ಗೆ 1994ರಲ್ಲಿ ತಿದ್ದುಪಡಿ ಆಗಿ, ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಸರಕಿನ ಜೊತೆ ಹೋಗ್ತಿದ್ರೆ ಅವನಿಗೂ ವಿಮೆ ರಕ್ಷಣೆ ಬಂತು. ಅಂದ್ರೆ ಪೆಟಿಗಿ ಯಾರದೋ ಅವನು ಡ್ರೈವರ್ ಪಕ್ಕ ಕ್ಯಾಬಿನ್‌ನಲ್ಲಿ ಕೂತ್ರೆ ಒಂದು ಮಾತು. ಹಿಂದೆ ಸ್ಪೀಕರ್ ಮೇಲೆ ಕೂತ ಕೋರಸ್‌ನವ್ರಿಗೆ ಅದು ಬರಲ್ಲ, ಗೂಡ್ಸ್ ಗಾಡಿಯಲ್ಲಿ ಸುಮ್ನೆ ಹತ್ತಿಸ್ಕೊಂಡವ್ರಿಗೆ ವಿಮಾ ಕಂಪನಿ ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟೇ ಹೇಳೈತೆ. ಆದ್ದರಿಂದ ಸಾಮಾನು ಗೂಡ್ಸ್ ಗಾಡಿಯಲ್ಲಿ, ಮಂದಿ ಕ್ರೂಸರ್‌ನಲ್ಲೋ ಬಸ್ಸಲ್ಲೋ ಹೋಗೋದು ವಾಸಿ.

ಕಾಲ್ಪೆಟಿಗಿ ಕಾರಟಗಿ
ಹಂಗ ಅಂದ್ರ ಲಗೇಜ್ ಆಟೋ ಲೆಕ್ಕಕ್ಕ ಬರಂಗಿಲ್ಲ, ನಮಗ ಎರಡು ಗಾಡಿ ಆಗತಾವ. ಓಮ್ನಿನ ಗತಿ. ಹಿಂದಿನ ಸೀಟು ತಗದ್ರ ಕಾಲ್ಪೆಟಿಗಿ ಹಿಡಿತೈತಿ ಅನಸ್ತೈತಿ.

ಗ್ಯಾರೇಜ್ ಮಾನ್ವಿ
ಓಮ್ನಿ ತಗೋಳೂದಿದ್ರ ನೋಡ್ಕೊಂಡು ತಗೋರಿ, 2019ರಾಗ ಕಂಪ್ನಿನ ಅದನ್ನ ನಿಲ್ಲಿಸೈತಿ, ಈಗ ಸಿಗೂವೆಲ್ಲಾ ಹಳೇವು. ತಳದ ತಗಡು ತುಕ್ಕು ಹಿಡದೈತೇನು ಅಂತ ಮ್ಯಾಟ್ ಎತ್ತಿ ನೋಡ್ರಿ, ಸ್ಪೀಕರ್ ಭಾರ ಅಲ್ಲೇ ಬೀಳತೈತಿ. ಸೈಡಿಗೆ ಸರಿಯೂ ಬಾಗಲದ ರೋಲರ್ ಸವದಿದ್ರ ಅರ್ಧ ದಾರ್ಯಾಗ ತಾನ ತಗೀತೈತಿ. ಮುಖ್ಯ ಏನಂದ್ರ ಇಂಜಿನ್ ಇರೂದು ಮುಂದಿನ ಸೀಟಿನ ಬುಡಕ, ಬ್ಯಾಸಿಗ್ಯಾಗ ಅಲ್ಲಿ ಕಾವು ವಿಪರೀತ. ತಬಲಾ ಮುಂದಿನ ಸೀಟಿನ ಹತ್ರ ಬ್ಯಾಡ, ಹಿಂದ ಇಡ್ರಿ. ಆಂಪ್ಲಿಫೈಯರು ಮುಂದ ಇರ್ಲಿ, ಅದಕ್ಕೇನಾಗಲ್ಲ, ಬಂದ ಕೂಡ್ಲೆ ಚಾಲೂ ಮಾಡದ ಆರಾಕ ಬಿಡ್ರಿ ಅಷ್ಟ. ಭಾರದ ಸ್ಪೀಕರ್ ತಳಕ್ಕ, ಮ್ಯಾಗ್ನೆಟ್ ಕಡೆ ಗ್ವಾಡಿಗೆ, ಮುಂದಿನ ಜಾಳಗಿ ಕಡೆ ಏನೂ ಒರಗಿಸಬ್ಯಾಡ್ರಿ.

ಕರಿಕೋಟು ಬಳ್ಳಾರಿ
ಸೀಟು ಕಾಯಂ ಕಿತ್ತು ಹಾಕ್ಬೇಡಿ, ಆರ್‌ಸಿಯಲ್ಲಿ ಇರೋ ಹಂಗೇ ಗಾಡಿ ಇರ್ಬೇಕು. ಮಡಚೋ ಸೀಟು ಇದ್ದ ಮಾಡೆಲ್ ಸಿಕ್ರೆ ನೋಡಿ.

ರೀಡ್ ರಿಪೇರಿ, ಗಂಗಾವತಿ
ಗಾಡಿ ಯಾವುದಾದ್ರೂ ಮಾಡ್ರಿ, ಪೆಟಿಗಿಗೆ ಪ್ಲಾಸ್ಟಿಕ್ ಕವರ್ ಒಂದ ಹಾಕಿ ಒಯ್ಯಬ್ಯಾಡ್ರಿ. ಗಾಡ್ಯಾಗ ಕಾವಿಗೆ ಒಳಗ ಬೆವರತೈತಿ, ರೀಡ್ ಹಸರು ಹಿಡೀತಾವ. ಹಿರಿಯರು ಹೇಳಿದ್ರಲ್ಲ, ಕೌದಿ, ಅದರಷ್ಟು ಛಲೋದು ಯಾವುದೂ ಇಲ್ಲ. ಹಳೇ ಕಾಟನ್ ಸೀರಿ ನಾಕೈದು ಪದರು ಹಾಕಿ ಹೊಲಿಸಿದ್ರ ಧೂಳೂ ತಡೀತೈತಿ, ಕುಲುಕೂ ತಡೀತೈತಿ, ಗಾಳಿನೂ ಆಡತೈತಿ.

ಕಾಲ್ಪೆಟಿಗಿ ಕಾರಟಗಿ
ಕೌದಿ ಹೊಲಿಯವ್ರು ಈಗ ಎಲ್ಲಿ ಸಿಗ್ತಾರ್ರೀ? ನಮ್ಮ ಓಣ್ಯಾಗ ಎಲ್ಲಾ ಬ್ಲಾಂಕೆಟ್ ಮಂದಿ.

ಹಲಗಿ ಮುದಗಲ್ಲ
ನಮ್ಮವ್ವ ಹೊಲೀತಾಳ. ಸೀರಿ ನೀವ ಕೊಡ್ಬೇಕು, ಟೆರಿಲಿನ್ ನಡಿಯಂಗಿಲ್ಲ. ಅಳತಿ ಬರದು ಕಳಸ್ರಿ, ಕಾಲು ಮಡಚಿ ಹಾಕಿದ ಮ್ಯಾಲಿನ ಅಳತಿ, ಬಿಚ್ಚಿ ನಿಂದರಿಸಿದ್ದಲ್ಲ. ಹಿಡಿಕಿಗೆ ತೂತು ಎಲ್ಲಿ ಬಿಡ್ಬೇಕು ಅದನ್ನೂ ಗುರ್ತು ಹಾಕ್ರಿ.